ಮಸರಕಲ್ಲಿನ ನಾಯಿಗೆ ಮಜ್ಜಿಗೆ ಕುಲ್ಫಿ

ದನದ ದವಾಖಾನೆಯ ಕಂಪೌಂಡರನಿಗೆ ನಾಯಿ ಕಂಡರೆ ಭಯ ಎಂದರೆ ಯಾರೂ ನಂಬುವುದಿಲ್ಲ. ನನಗಿತ್ತು. ಹಾಯುವ ಹೋರಿಯ ಮೂಗುದಾರ ಹಿಡಿದು ನಿಲ್ಲುತ್ತಿದ್ದೆ, ಒದೆಯುವ ಎಮ್ಮೆಯ ಹಿಂಗಾಲಿಗೆ ಹಗ್ಗ ಬಿಗಿಯುತ್ತಿದ್ದೆ. ಆದರೆ ನಾಯಿಯೊಂದು ಹಲ್ಲು ಬಿಟ್ಟು ಗುರ್ ಎಂದರೆ ಸಾಕು, ಕೈಯಲ್ಲಿದ್ದ ಸಿರಿಂಜು ನಡುಗುತ್ತಿತ್ತು. ದೇವದುರ್ಗಕ್ಕೆ ವರ್ಗವಾಗಿ ಬಂದ ಹೊಸದರಲ್ಲಿ ಈ ಗುಟ್ಟನ್ನು ಡಾಕ್ಟರಿಗೂ ಹೇಳಿರಲಿಲ್ಲ, ಆಗಷ್ಟೇ ಮದುವೆಯಾಗಿದ್ದ ಹೆಂಡತಿಗೂ ಹೇಳಿರಲಿಲ್ಲ.

ಅದು ಎಪ್ಪತ್ತರ ದಶಕದ ನಡುಭಾಗ. ಮಳೆಗಾಲಕ್ಕೆ ಮುಂಚೆ ಕುರಿಗಳಿಗೆ ಕರುಳುಬೇನೆಯ ಲಸಿಕೆ ಹಾಕಬೇಕಿತ್ತು. ಮೊದಲ ಮಳೆ ಬಿದ್ದು ಎಳೆ ಹುಲ್ಲು ಚಿಗುರಿದ ಮೇಲೆ ಆ ಬೇನೆ ಬಂದರೆ ಬೆಳಿಗ್ಗೆ ಜಿಗಿದಾಡಿದ ಕುರಿ ಸಂಜೆಗೆ ಕಾಲು ಚಾಚಿ ಬಿದ್ದಿರುತ್ತದೆ. ಆದ್ದರಿಂದ ಏಪ್ರಿಲ್, ಮೇ ತಿಂಗಳ ಉರಿಬಿಸಿಲಲ್ಲೇ ನಾನು ಊರೂರು ತಿರುಗಬೇಕಿತ್ತು. ಹೆಗಲಿಗೆ ಒಂದು ಚೀಲ, ಅದರೊಳಗೆ ಅಗಲ ಬಾಯಿಯ ಥರ್ಮಾಸ್, ಥರ್ಮಾಸಿನೊಳಗೆ ಬರ್ಫದ, ಅಂದರೆ ಮಂಜುಗಡ್ಡೆಯ ಚೂರುಗಳು, ಅವುಗಳ ನಡುವೆ ಲಸಿಕೆಯ ಸೀಸೆ. ಬರ್ಫ ಕರಗುವುದರೊಳಗೆ ಕೆಲಸ ಮುಗಿಸಬೇಕು. ಕೆಲಸಕ್ಕೆ ಅದೇ ಗಡಿಯಾರ.

ಮಸರಕಲ್ ಎಂಬ ಹಳ್ಳಿಯ ಹೊರಗೆ ಬೇವಿನ ಮರಗಳಿದ್ದ ಒಂದು ಹೊಲದಲ್ಲಿ ದೊಡ್ಡ ಕುರಿಹಟ್ಟಿ ಬೀಡುಬಿಟ್ಟಿದೆ ಎಂದು ಕೇಳಿ ಹೋದೆ. ಹಟ್ಟಿಯ ಯಜಮಾನ ಅರವತ್ತು ದಾಟಿದ ಮುದುಕ. ಕರಿ ಕಂಬಳಿಯನ್ನು ಆ ಬಿಸಿಲಲ್ಲೂ ಹೆಗಲಿಂದ ಇಳಿಸದವನು. ಅವನ ಹೆಂಡತಿ ಮುದುಕಿ, ಮೂರು ಕಲ್ಲಿನ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ನಾನು ಇನ್ನೂ ಬದುವಿನ ಮೇಲೆ ಇದ್ದೆ, ಅಷ್ಟರಲ್ಲಿ ಕುರಿಗಳ ಮಧ್ಯದಿಂದ ಒಂದು ನಾಯಿ ಎದ್ದು ಬಂತು. ಕಂದು ಮೈ, ಕತ್ತರಿಸಿದ ಕಿವಿ. ತೋಳ ಬಾಯಿ ಹಾಕಬಾರದೆಂದು ಕೊರಳಿಗೆ ಕಬ್ಬಿಣದ ಮುಳ್ಳಿನ ಪಟ್ಟಿ. ಅದು ಬೊಗಳಲೇ ಇಲ್ಲ. ಸುಮ್ಮನೆ ಬಂದು ನನ್ನ ಪ್ಯಾಂಟಿನ ತುದಿ ಹಿಡಿದು ಎಳೆಯಿತು. ಬಟ್ಟೆ ಪರ್ ಎಂದು ಮೊಣಕಾಲಿನವರೆಗೆ ಸೀಳಿತು.

"ಹೋಯ್!" ಎಂದ ಮುದುಕ. ನಾಯಿ ಬಿಟ್ಟಿತು, ಆದರೆ ದಾರಿ ಬಿಡಲಿಲ್ಲ.

"ಯಜಮಾನ್ರ, ನಾಯಿ ಹಿಡಕೋರಿ. ಕುರಿಗೆ ಸೂಜಿ ಹಾಕಬೇಕು" ಎಂದೆ.

"ನಾಯಿ ಬಿಡಂಗಿಲ್ರಿ ಸಾಹೇಬ್ರ, ನಾ ಏನ್ ಮಾಡ್ಲಿ?" ಮುದುಕನ ಮುಖದಲ್ಲಿ ನಗು ಇತ್ತು. "ಅದಕ್ಕ ಪರರ ವಾಸನಿ ಆಗಂಗಿಲ್ಲ."

"ಕಟ್ಟಿಹಾಕ್ರಿ ಮತ್ತ."

"ಹುಟ್ಟಿದಾಗಿಂದ ಅದನ್ನ ಕಟ್ಟಿಲ್ರಿ."

ಒಲೆಯ ಮುಂದಿನಿಂದ ಮುದುಕಿ ನಿಜ ಹೇಳಿಬಿಟ್ಟಳು: "ನಾಯಿದೇನೂ ಇಲ್ಲ ಯಪ್ಪಾ. ಸೂಜಿ ಚುಚ್ಚಿದ್ರ ಗಬ್ಬದ ಕುರಿ ಕಂದು ಹಾಕ್ತಾವ ಅಂತ ಇವಗ ಯಾರೋ ಹೇಳ್ಯಾರ. ಅದಕ್ಕ ನಾಯಿ ಮ್ಯಾಲ ಹಾಕಾಕತ್ತಾನ."

ಮುದುಕ ಅವಳ ಕಡೆ ದುರುಗುಟ್ಟಿ ನೋಡಿದ. ಸೂಜಿಯಿಂದ ಗರ್ಭ ಇಳಿಯುವುದಿಲ್ಲ, ಕುರಿ ಕಂದು ಹಾಕುವುದಿಲ್ಲ ಎಂದು ನಾನು ಎಷ್ಟು ಬಗೆಯಾಗಿ ಹೇಳಿದರೂ ಅವನು ನಾಯಿಯ ಹಿಂದೆಯೇ ನಿಂತ. ಕೊನೆಗೆ ಸೋತು, ತುಸು ದೂರದ ಬೇವಿನ ನೆರಳಿಗೆ ಬಂದು ಕೂತೆ. ಥರ್ಮಾಸಿನಲ್ಲಿ ಅರ್ಧ ಕರಗಿದ ಬರ್ಫ ಇತ್ತು. ಸೀಸೆ ತೆಗೆದಿಟ್ಟು, ಕರಗಿದ್ದನ್ನು ಮಣ್ಣಿಗೆ ಸುರಿದೆ. ನಾಲ್ಕಾರು ಚೂರು ಹುಲ್ಲಿನ ಮೇಲೆ ಬಿದ್ದವು, ಒಳಗೆ ಉಳಿದವುಗಳ ನಡುವೆ ಸೀಸೆಯನ್ನು ಮತ್ತೆ ಇಟ್ಟೆ. ಆ ನಾಯಿ ನನ್ನ ಮೇಲೆ ಕಣ್ಣಿಟ್ಟುಕೊಂಡೇ ಬಂತು, ಒಂದು ಚೂರನ್ನು ಮೂಸಿತು, ಹಿಂದಕ್ಕೆ ಜಿಗಿಯಿತು. ಮತ್ತೆ ಬಂತು. ನಾಲಿಗೆಯ ತುದಿ ತಾಗಿಸಿ ನೋಡಿತು. ಆಮೇಲೆ ಅಲ್ಲೇ ಮಲಗಿ, ಎರಡು ಮುಂಗಾಲುಗಳ ನಡುವೆ ಆ ಚೂರನ್ನು ಹಿಡಿದು, ಕಣ್ಣು ಅರೆಮುಚ್ಚಿ ನೆಕ್ಕತೊಡಗಿತು. ಸ್ವಲ್ಪ ಹೊತ್ತಿನ ಹಿಂದೆ ನನ್ನ ಪ್ಯಾಂಟು ಸೀಳಿದ್ದ ಪ್ರಾಣಿ ಇದೇನಾ ಅನ್ನಿಸಿತು. ಹುಲ್ಲಿನ ಮೇಲಿದ್ದ ಬೇರೆ ಚೂರುಗಳನ್ನು ಆರಿಸಿ ಒಂದೊಂದಾಗಿ ಎಸೆದೆ. ಕೊನೆಯದನ್ನು ಎಸೆದಾಗ ಅದು ನನ್ನಿಂದ ಒಂದು ಮೊಳ ದೂರದಲ್ಲಿತ್ತು. ಬದುಕಿನಲ್ಲಿ ಮೊದಲ ಸಲ ಒಂದು ನಾಯಿಯ ಪಕ್ಕ ನಡುಗದೆ ಕೂತಿದ್ದೆ.

ಮನೆಗೆ ಬಂದಾಗ ಹೆಂಡತಿ ಹರಿದ ಪ್ಯಾಂಟು ನೋಡಿದಳು. ಇನ್ನು ಮುಚ್ಚಿಡುವಂತಿರಲಿಲ್ಲ. ಭಯವನ್ನೂ ಹೇಳಿದೆ, ಬರ್ಫದ ಕತೆಯನ್ನೂ ಹೇಳಿದೆ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.

"ದನದ ದವಾಖಾನಿ ಕಂಪೌಂಡ್ರು ನಾಯಿಗೆ ಹೆದರ್ತಾರಂತ! ನಮ್ಮ ಅವ್ವ ಕೇಳಿದ್ರ ಏನಂತಾಳ?"

"ನಿಮ್ಮ ಅವ್ವಗ ಹೇಳಬ್ಯಾಡ ಮಾರಾಯ್ತಿ."

"ಹೇಳಂಗಿಲ್ಲ ಬಿಡ್ರಿ." ಹರಿದ ಪ್ಯಾಂಟು ಮಡಚಿಡುತ್ತ ಕೇಳಿದಳು, "ಬರೇ ಬರ್ಫನ ಇಷ್ಟು ಖುಷಿಲೆ ತಿಂತಂದ್ರ, ರುಚಿ ಇದ್ರ ಹೆಂಗ ತಿಂದೀತು?"

ಅವಳು ರಾಯಚೂರು ಶಹರದಲ್ಲಿ ಹುಟ್ಟಿ ಬೆಳೆದವಳು. ತೀನ್ ಕಂದೀಲ್ ಸರ್ಕಲ್ಲಿನ ಹತ್ತಿರದ ಗಲ್ಲಿಯಲ್ಲಿ ಅವರ ಮನೆ. ಗೋಡೆಗೆ ಗೋಡೆ ಹತ್ತಿದ ಮನೆಯಲ್ಲಿ ಕುಲ್ಫಿ ಮಾರುವ ಸಾಬರ ಕುಟುಂಬವಿತ್ತು. ಮಧ್ಯಾಹ್ನ ಆ ಮನೆಯ ಹೆಂಗಸರು ಕುಲ್ಫಿ ತಯಾರು ಮಾಡುವುದನ್ನು ನೋಡುತ್ತಲೇ ಇವಳ ಬಾಲ್ಯ ಕಳೆದಿತ್ತು. ದೇವದುರ್ಗಕ್ಕೆ ಬಂದ ಮೇಲೆ ಅವಳಿಗೆ ಹೊತ್ತೇ ಹೋಗುತ್ತಿರಲಿಲ್ಲ. ಪರಿಚಯದವರಿಲ್ಲ, ನಾನು ಬೆಳಿಗ್ಗೆ ಹೋದರೆ ಸಂಜೆ ಬರುವವನು. ಆ ಸಂಜೆ ಅವಳ ಮುಖದಲ್ಲಿ ಬಂದ ಕಳೆ ನೋಡಿ ನನಗೇ ಅಚ್ಚರಿಯಾಯಿತು.

ನಾಯಿಗೆ ಮಜ್ಜಿಗೆಯ ಕುಲ್ಫಿ ಮಾಡೋಣ ಎಂದಳು; ಮೊದಲು ನಾನು ಸುಲಭದ ದಾರಿ ಹಿಡಿದೆ. ದವಾಖಾನೆಯಲ್ಲಿ ಲಸಿಕೆ ಇಡುವುದಕ್ಕೆ ಸೀಮೆಎಣ್ಣೆಯಿಂದ ನಡೆಯುವ ಒಂದು ಫ್ರಿಜ್ಜು ಇತ್ತು. ಒಂದು ಬಟ್ಟಲು ಮಜ್ಜಿಗೆಯನ್ನು ಅದರ ಮೇಲಿನ ಖಾನೆಯಲ್ಲಿ ಇಟ್ಟೆ. ಡಾಕ್ಟರು ಮೈಸೂರು ಕಡೆಯವರು, ಕಟ್ಟುನಿಟ್ಟಿನ ಮನುಷ್ಯ. ಬಾಗಿಲು ತೆಗೆದವರೇ ಬಟ್ಟಲನ್ನು ಹೊರಗೆ ತಂದು ನನ್ನ ಮೇಜಿನ ಮೇಲಿಟ್ಟರು.

"ಏನ್ರೀ ಇದು? ಲಸಿಕೆ ಪಕ್ಕದಲ್ಲಿ ಮಜ್ಜಿಗೆ?"

ಹರಿದ ಪ್ಯಾಂಟಿನ ಮಾತೊಂದನ್ನು ಬಿಟ್ಟು ನಾಯಿಯ ವಿಷಯ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತ ಹೇಳಿದರು: "ಫ್ರಿಜ್ಜಲ್ಲಿ ಬೇಡ. ಮನೇಲಿ ಮಾಡ್ಕೊಳ್ಳಿ. ಉಪ್ಪು ಹಾಕಬೇಡಿ, ಬೆಲ್ಲನೂ ಬೇಡ. ಓಡಿ ಬಂದು ತೇಕ್ತಾ ಇರೋ ನಾಯಿಗೆ ತಕ್ಷಣ ಕೊಡಬೇಡಿ, ಉಸಿರು ಇಳೀಲಿ. ಸ್ವಲ್ಪ ಸ್ವಲ್ಪ ಕೊಡಿ." ಹೋಗುತ್ತ ತಿರುಗಿ, "ಪ್ಯಾಂಟು ಹೊಲಿಸಿಕೊಂಡ್ರಾ?" ಎಂದರು. ಅವರಿಗೆ ಯಾರು ಹೇಳಿದ್ದರೋ.

ಚಿಮಣಿ ದೀಪ ಮಾಡುವ ತಗಡಿನ ಕೆಲಸದವನ ಹತ್ತಿರ ಹೆಂಡತಿ ಹೇಳಿದ ಅಳತೆಗೆ ಆರು ಅಚ್ಚು ಮಾಡಿಸಿದೆ. ಒಂದು ಕಡೆ ಚೂಪು, ಇನ್ನೊಂದು ಕಡೆ ಮುಚ್ಚಳ. ರಾಯಚೂರಿನಿಂದ ಬರುವ ಬೆಳಗಿನ ಬಸ್ಸಿನ ಮೇಲೆ ಸೋಡಾ ಅಂಗಡಿಯವನಿಗೆ ಬರ್ಫದ ಗಡ್ಡೆ ಬರುತ್ತಿತ್ತು, ಗೋಣಿಚೀಲದೊಳಗೆ ಭತ್ತದ ಹೊಟ್ಟಿನಲ್ಲಿ ಹುದುಗಿಸಿ. ಅವನಿಂದ ಒಂದು ತುಂಡು ಒಡೆಸಿಕೊಂಡು ತಂದೆ. ಉಳಿದದ್ದೆಲ್ಲ ಅವಳ ಕೆಲಸ. ಜೋಳದ ಹಿಟ್ಟಿನ ಅಂಬಲಿ ತೆಳ್ಳಗೆ ಕಾಸಿ, ಆರಿಸಿ, ಅದಕ್ಕೆ ಕೆನೆ ತೆಗೆದ ಹುಳಿಯಿಲ್ಲದ ಮಜ್ಜಿಗೆ ಬೆರೆಸಿದಳು. ಅಚ್ಚುಗಳಿಗೆ ಹುಯ್ದು, ಮುಚ್ಚಳ ಹಾಕಿ, ಸುತ್ತ ಗೋಧಿ ಹಿಟ್ಟಿನ ಕಣಕ ಮೆತ್ತಿದಳು. ಮಣ್ಣಿನ ಗಡಿಗೆಯಲ್ಲಿ ಒಂದು ಪದರ ಬರ್ಫದ ಪುಡಿ, ಒಂದು ಹಿಡಿ ಕಲ್ಲುಪ್ಪು, ಅಚ್ಚುಗಳು, ಮತ್ತೆ ಬರ್ಫ, ಮತ್ತೆ ಉಪ್ಪು. ಬಾಯಿಗೆ ಒದ್ದೆ ಗೋಣಿ ಕಟ್ಟಿ, ಗಡಿಗೆಯನ್ನು ಮಡಿಲ ಹತ್ತಿರ ಇಟ್ಟುಕೊಂಡು ಅತ್ತ ಇತ್ತ ತಿರುವುತ್ತ ಕೂತಳು.

"ಉಪ್ಪು ಹಾಕಿದ್ರ ಬರ್ಫ ಮತ್ತಷ್ಟು ಥಂಡಿ ಆಗ್ತದ. ಯಾಕ ಅಂತ ನನಗ ಕೇಳಬ್ಯಾಡ್ರಿ. ಬಾಜೂ ಮನಿ ಖಾಲಾ ಹಂಗ ಮಾಡ್ತಿದ್ಲು."

ಮೊದಲ ಸಲದ್ದು ಕೆಟ್ಟಿತು. ಎರಡು ಅಚ್ಚಿನ ಕಣಕ ಬಿಟ್ಟು ಉಪ್ಪುನೀರು ಒಳಗೆ ಹೋಗಿತ್ತು, ಒಂದು ಗಟ್ಟಿಯಾಗಿಯೇ ಇರಲಿಲ್ಲ. ಅವಳು ಎಲ್ಲವನ್ನೂ ಸ್ವತಃ ನೆಕ್ಕಿ ನೋಡಿ ಉಪ್ಪಾದವನ್ನು ಚೆಲ್ಲಿದಳು. ಎರಡನೇ ಸಲ ಕಣಕ ದಪ್ಪಗೆ ಮೆತ್ತಿದಳು. ಅಚ್ಚನ್ನು ಅಂಗೈಯಲ್ಲಿ ಉಜ್ಜಿ ಕೊಡವಿದಾಗ ಬಿಳಿ ಕುಲ್ಫಿ ತಾಟಿಗೆ ಜಾರಿ ಬಿತ್ತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆ ಮನೆಯಲ್ಲಿ ನಾವು ಮೊದಲ ಸಲ ಕೂಡಿ ಮಾಡಿದ ಅಡುಗೆ ಅದು.

ಮರುದಿನ ಹೊಸ ಬರ್ಫ ತಂದು ಮತ್ತೆ ಮಾಡಿಸಿಕೊಂಡು, ಗಡಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಮಸರಕಲ್ಲಿನ ಬಸ್ಸು ಹತ್ತಿದೆ. ಒದ್ದೆ ಗೋಣಿಯಿಂದ ನೀರು ಸೋರಿ ಪಕ್ಕದವನ ಧೋತರ ನೆನೆಯಿತು. ಕಂಡಕ್ಟರು ಟಿಕೆಟು ಹರಿಯುತ್ತ ಕೇಳಿದ, "ಗಡಿಗ್ಯಾಗ ಏನದರಿ?"

"ಕುಲ್ಫಿ."

"ಯಾರಿಗ್ರಿ?"

"ನಾಯಿಗೆ."

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ ಮುಂದೆ ಹೋದ. ಇಳಿಯುವಾಗ ಮಾತ್ರ, "ನಮಗೂ ಒಂದು ಕಾಲ ಬರ್ತದ ಬಿಡ್ರಿ" ಎಂದ.

ಹಟ್ಟಿಯ ಹತ್ತಿರ ನಾಯಿ ಎದ್ದು ಬಂತು. ನಾನು ಬದುವಿನ ಮೇಲೆಯೇ ಕುಕ್ಕರಗಾಲಲ್ಲಿ ಕೂತು, ಒಂದು ಅಚ್ಚು ತೆಗೆದು ಮುತ್ತುಗದ ಎಲೆಯ ಮೇಲೆ ಕೊಡವಿ ಹಿಂದಕ್ಕೆ ಸರಿದೆ. ಅದು ಮೂಸಿತು. ಮಜ್ಜಿಗೆಯ ವಾಸನೆ ಗೊತ್ತಾಯಿತೋ ಏನೋ, ಬಾಲ ಒಂದೇ ಒಂದು ಸಲ ಅಲ್ಲಾಡಿತು. ಪೂರ್ತಿ ತಿಂದು ಎಲೆಯನ್ನೂ ನೆಕ್ಕಿ, ನನ್ನ ಹತ್ತಿರ ಬಂದು ಗಡಿಗೆಗೆ ಮೂತಿ ಒತ್ತಿತು. ಮುದುಕಿ ಎದ್ದು ಬಂದಳು.

"ಏನ್ ಕೊಟ್ಟಿ ಯಪ್ಪಾ ಅದಕ್ಕ? ಮದ್ದೇನರ ಹಾಕೀಯೇನು?"

"ಮಜ್ಜಿಗಿ, ಜ್ವಾಳದ ಅಂಬಲಿ. ನೀವೇ ನೋಡ್ರಿ." ಇನ್ನೊಂದು ಕೊಡವಿ ಕೊಟ್ಟೆ. ಮುದುಕಿ ತುದಿ ಕಚ್ಚಿದಳು. ಮುಖ ಕಿವುಚಿಕೊಂಡು, ಕೆನ್ನೆ ಹಿಡಿದುಕೊಂಡಳು.

"ಯವ್ವಾ! ಹಲ್ಲ ಜುಮ್ಮ ಅಂತಾವ!" ಎಂದವಳು ಉಳಿದದ್ದನ್ನು ಬಿಡಲಿಲ್ಲ. ತಿಂದು ಮುಗಿಸಿ, "ಉಪ್ಪಿಲ್ಲಲ್ಲೋ ಇದಕ್ಕ" ಎಂದಳು.

ಮುದುಕ ದೂರದಿಂದ ನೋಡುತ್ತಿದ್ದ. ನಾಯಿ ದಾರಿ ಬಿಟ್ಟಿದೆ, ಈಗ ಸೂಜಿ ಹಾಕಲೇ ಎಂದು ಕೇಳಿದೆ. ಅವನು ಕಂಬಳಿ ಸರಿಮಾಡಿಕೊಂಡ.

"ನಾಯಿಗೆ ಲಂಚ ಕೊಟ್ಟೀರಿ ಸಾಹೇಬ್ರ. ನಾ ನಾಯಿ ಅಲ್ಲ."

ಆ ದಿನವೂ ಸೂಜಿ ಹಾಕದೆಯೇ ಹಿಂದಿರುಗಿದೆ. ಆದರೂ ವಾರಕ್ಕೊಮ್ಮೆ ಆ ಕಡೆ ಕೆಲಸ ಬಿದ್ದಾಗೆಲ್ಲ ಗಡಿಗೆ ಒಯ್ದೆ. ಮುದುಕ ಪ್ರತಿ ಸಲ ಬೇಡ ಎಂದ, ಆದರೆ ಪ್ರತಿ ಸಲವೂ ನನಗೆ ಬಿಸಿ ರೊಟ್ಟಿ, ಕುರಿ ಹಾಲಿನ ಚಹಾ ಕೊಡಿಸಿದ. ಮುದುಕಿ ಒಂದು ದಿನ ಹೇಳಿದಳು: "ಇದನ್ನ ಮಾಡೋ ಕೈ ನೋಡಬೇಕಲ್ಲೋ ಯಪ್ಪಾ. ಆಕಿನ್ನ ಕರಕೊಂಡ ಬಾ."

ಮುಂದಿನ ವಾರ ಹೆಂಡತಿಯನ್ನು ಕರೆದುಕೊಂಡು ಹೋದೆ. ಹಸಿರು ಇಳಕಲ್ ಸೀರೆ ಉಟ್ಟು, ಗಡಿಗೆಯನ್ನು ತಾನೇ ಸೊಂಟದ ಮೇಲಿಟ್ಟುಕೊಂಡು ಬದುವಿನುದ್ದಕ್ಕೆ ನಡೆದಳು. ನಡು ಮಧ್ಯಾಹ್ನ. ಹಟ್ಟಿ ಕಂಡಿತು, ಆದರೆ ಎದುರುಗೊಳ್ಳಲು ನಾಯಿ ಬರಲಿಲ್ಲ. ಮುದುಕ ಬೇವಿನ ಬುಡದಲ್ಲಿ ತಲೆಗೆ ಕೈ ಹೊತ್ತು ಕೂತಿದ್ದ. ಅವನ ಮುಂದೆ ನಾಯಿ ಪಕ್ಕಕ್ಕೆ ಬಿದ್ದಿತ್ತು. ನಾಲಿಗೆ ಮಣ್ಣಿಗೆ ತಾಗಿ, ಪಕ್ಕೆಗಳು ಹಾರಿ ಹಾರಿ ಬೀಳುತ್ತಿದ್ದವು. ಬಾಯಿಂದ ಅಂಟು ಜೊಲ್ಲು.

"ಮುಂಜಾನಿ ತ್ವಾಳ ಬಂದಿತ್ತು" ಎಂದ ಮುದುಕ. "ಮರಿ ಬಿಡಿಸಿಕೊಂಡ ಬರಾಕ ಗುಡ್ಡದ ತನಕ ಬೆನ್ನ ಹತ್ತಿ ಹೋತು. ಬಿಸಲಾಗ ಬಂದು ಹಿಂಗ ಬಿದ್ದದ. ಹೋತ್ರಿ ನನ್ನ ನಾಯಿ."

ಮರಿ ಮಾತ್ರ ಅಲ್ಲೇ ಮುದುಕಿಯ ಮಡಿಲಲ್ಲಿ ಕೊರಳ ಗಾಯಕ್ಕೆ ಅರಿಶಿನ ಹಚ್ಚಿಸಿಕೊಂಡು ಕೂತಿತ್ತು.

ನಾನು ಮಂಡಿಯೂರಿ ಕೂತೆ. ಮುಟ್ಟಿದರೆ ಮೈ ಕಾದ ಹಂಚು. ಹೆಂಡತಿ ಗಡಿಗೆಯ ಬಾಯಿ ಬಿಚ್ಚಿ, ಕರಗಿದ ಬರ್ಫದ ನೀರನ್ನು ಅದರ ಮೈಮೇಲೆ ಸುರಿಯಲು ಹೊರಟಳು.

"ಬ್ಯಾಡ! ಅದು ಉಪ್ಪುನೀರು, ಥಂಡಿನೂ ವಿಪರೀತ. ಒಮ್ಮೆಲೆ ಹಾಕಿದ್ರ ಜೀವಕ್ಕ ಅಪಾಯ. ಬಾವಿ ನೀರು ಬೇಕು, ಜಲ್ದಿ."

ಮುದುಕ ಎದ್ದು ಓಡಿದ. ಆ ವಯಸ್ಸಿನಲ್ಲಿ ಅವನು ಹಾಗೆ ಓಡುತ್ತಾನೆಂದು ನಾನು ಎಣಿಸಿರಲಿಲ್ಲ. ಅವನು ರಾತ್ರಿ ಕಂಬಳಿಯ ಕೆಳಗೆ ಹಾಸಿಕೊಳ್ಳುವ ಗೋಣಿಯನ್ನು ಬಾವಿಯ ನೀರಲ್ಲಿ ಅದ್ದಿ ನಾಯಿಯ ಕೆಳಗೆ ಹಾಸಿದೆವು. ಹೊಟ್ಟೆಗೆ, ತೊಡೆಯ ಸಂದಿಗೆ, ಪಾದಗಳಿಗೆ ನೀರು ಹನಿಸುತ್ತ ಹೋದೆ. ಮುಳ್ಳಿನ ಪಟ್ಟಿಯನ್ನು ನಾನೇ ಬಿಚ್ಚಿದೆ. ಕೈ ಅದರ ಹಲ್ಲುಗಳಿಂದ ನಾಲ್ಕು ಬೆರಳು ದೂರದಲ್ಲಿತ್ತು ಎಂಬುದು ಆಗ ನೆನಪಿಗೇ ಬರಲಿಲ್ಲ. ಹೆಂಡತಿ ಸೆರಗಿನಿಂದ ಗಾಳಿ ಬೀಸಿದಳು. ಮುದುಕಿ ದೇವರ ಹೆಸರು ಹೇಳುತ್ತಲೇ ನೀರು ತಂದು ತಂದು ಕೊಟ್ಟಳು.

ಎಷ್ಟು ಹೊತ್ತು ಹೋಯಿತೋ. ಬೇವಿನ ನೆರಳು ನಮ್ಮ ಕಾಲಿನಿಂದ ಬೆನ್ನಿಗೆ ಸರಿದಿತ್ತು. ಉಸಿರು ಸ್ವಲ್ಪ ಇಳಿಯಿತು. ನಾಯಿ ತಲೆ ಎತ್ತಿ, ಮತ್ತೆ ಇಳಿಸಿತು. ಇನ್ನೊಮ್ಮೆ ಎತ್ತಿದಾಗ ಹಾಗೆಯೇ ಹಿಡಿದಿತ್ತು.

"ಈಗ ಕೊಡಲೇನ್ರಿ?" ಹೆಂಡತಿ ಕೇಳಿದಳು.

"ಸ್ವಲ್ಪ. ಬೆರಳಿನ ತುದಿಯಷ್ಟು."

ಅವಳು ಅಚ್ಚನ್ನು ಚೊಕ್ಕ ನೀರಿನಲ್ಲಿ ತೊಳೆದು, ಕುಲ್ಫಿಯನ್ನು ಅಂಗೈಗೆ ಕೊಡವಿಕೊಂಡು, ಒಂದು ಚೂರು ಮುರಿದು ಅದರ ಮೂತಿಯ ಹತ್ತಿರ ಹಿಡಿದಳು. ನಾಯಿ ನೆಕ್ಕಿತು. ಬಿಟ್ಟಿತು. ಮತ್ತೆ ನೆಕ್ಕಿತು. ಕರಗಿದ ಮಜ್ಜಿಗೆ ಅವಳ ಮುಂಗೈ ಮೇಲೆ ಇಳಿದು ಬಳೆಗಳ ಸಂದಿಗೆ ಹೋಯಿತು. ಅದನ್ನೂ ಅದು ಒಂದೊಂದೇ ಬಳೆ ಸರಿಸಿದಂತೆ ನೆಕ್ಕಿತು. ಹಿಂದೆಂದೂ ನೋಡಿರದ ಹೆಂಗಸು ಅವಳು ಅದಕ್ಕೆ. ಪರರ ವಾಸನೆ ಆಗದ ನಾಯಿ.

ಮುದುಕ ಮುಖ ತಿರುಗಿಸಿ ಕಂಬಳಿಯ ತುದಿಯಿಂದ ಕಣ್ಣೊರೆಸಿಕೊಂಡ. ನಾವು ಹೊರಟಾಗ ನಾಯಿ ಎದ್ದು ನಿಂತಿತ್ತು, ಕಾಲು ಮಾತ್ರ ನಡುಗುತ್ತಿದ್ದವು. ಎರಡು ದಿನ ನೆರಳಿನಿಂದ ಹೊರಗೆ ಬಿಡಬೇಡಿ ಎಂದೆ. ಮುದುಕ ಬದುವಿನ ತನಕ ಕಳಿಸಲು ಬಂದ. ಬದು ಮುಟ್ಟಿದ ಮೇಲೆ ಕೇಳಿದ:

"ಸಾಹೇಬ್ರ, ಖರೆ ಹೇಳ್ರಿ. ಕುರಿ ಕಂದು ಹಾಕಂಗಿಲ್ಲೇನು?"

"ಗಬ್ಬ ಇದ್ದವನ್ನ ಮೆಲ್ಲಕ ಹಿಡಿಬೇಕು, ಬೆದರಿಸಬಾರದು. ಮೊದಲ ಹತ್ತು ಕುರಿಗೆ ಹಾಕ್ತೀನಿ. ಹದಿನೈದು ದಿವಸ ನೋಡ್ರಿ. ನಿಮಗ ಪಕ್ಕಾ ಆದ್ರ ಉಳಿದವಕ್ಕ."

"ಬರ್ರಿ ಹಂಗಾರ. ತಂಗಿನ್ನೂ ಕರಕೊಂಡ ಬರ್ರಿ."

ಹತ್ತಕ್ಕೆ ಹಾಕಿದೆ. ಹದಿನೈದು ದಿನ ನನಗೂ ಸರಿಯಾಗಿ ಊಟ ಸೇರಲಿಲ್ಲ. ಯಾವುದೋ ಬೇರೆ ಕಾರಣಕ್ಕೆ ಒಂದು ಕುರಿ ಕಂದು ಹಾಕಿದರೂ ಮಾತು ಮುಗಿಯುತ್ತಿತ್ತು. ಏನೂ ಆಗಲಿಲ್ಲ. ಎರಡು ಕುರಿ ಅವಳಿ ಮರಿ ಹಾಕಿದವು, ಆ ಪುಣ್ಯವನ್ನೂ ಮುದುಕಿ ನನ್ನ ಸೂಜಿಗೇ ಕಟ್ಟಿದಳು. ಇಡೀ ಹಟ್ಟಿಗೆ ಲಸಿಕೆ ಹಾಕಿದ ದಿನ ಡಾಕ್ಟರೂ ಬಂದಿದ್ದರು. ಮುದುಕ ಒಂದೊಂದೇ ಕುರಿಯನ್ನು ಹಿಡಿದು ಕೊಡುತ್ತಿದ್ದ. ನಾಯಿ ಬೇವಿನ ಕೆಳಗೆ ಮುಂಗಾಲುಗಳ ನಡುವೆ ಕುಲ್ಫಿ ಹಿಡಿದು ಮಲಗಿತ್ತು. ಆ ವರ್ಷ ಮಳೆ ಬಿದ್ದ ಮೇಲೆ ಆ ಹಟ್ಟಿಯಲ್ಲಿ ಕರುಳುಬೇನೆಯಿಂದ ಒಂದೂ ಕುರಿ ಸಾಯಲಿಲ್ಲ. ಅಕ್ಕಪಕ್ಕದ ಹಟ್ಟಿಗಳವರು ತಾವಾಗಿಯೇ ದವಾಖಾನೆ ಕೇಳಿಕೊಂಡು ಬಂದರು. ಹೆಂಡತಿ ಇನ್ನೂ ಆರು ಅಚ್ಚು ಮಾಡಿಸಿದಳು.

ಆಮೇಲೆ ಮಾನ್ವಿಗೆ ವರ್ಗವಾಯಿತು. ನೀರಮಾನ್ವಿಯ ಕಡೆ ಹೊಲಗಳಲ್ಲಿ ಹಟ್ಟಿ ಹಾಕಿದವರಿಗೆ ನಾವು ಹೋಗುವ ಮೊದಲೇ ನಮ್ಮ ಸುದ್ದಿ ಗೊತ್ತಿತ್ತು. "ನಾಯಿ ಕುಲ್ಫಿ ಸಾಹೇಬ್ರು" ಎಂದೇ ಕರೆಯುತ್ತಿದ್ದರು. ನನಗೆ ಮೊದಮೊದಲು ಅವಮಾನವೆನಿಸಿ, ಆಮೇಲೆ ರೂಢಿಯಾಯಿತು. ಎಲ್ಲ ನಾಯಿಗಳೂ ಒಲಿದವು ಎಂದು ಹೇಳುವುದಿಲ್ಲ. ಒಂದು ಕರಿ ನಾಯಿ ಕುಲ್ಫಿಯನ್ನೂ ತಿಂದು, ನನ್ನ ಚಪ್ಪಲಿಯನ್ನೂ ಎತ್ತಿಕೊಂಡು ಹೋಯಿತು. ಆದರೂ ಅಲ್ಲಿಂದ ಮುಂದೆ ನನ್ನ ಕೈ ನಡುಗಲಿಲ್ಲ.

ಎಂಬತ್ತರ ದಶಕದಲ್ಲಿ ರಾಯಚೂರಿಗೆ ಬಂದೆವು, ಅವಳ ತವರಿನ ಊರಿಗೆ. ಅಲ್ಲಿ ನಮ್ಮದೇ ಒಂದು ಫ್ರಿಜ್ಜು ಬಂತು, ಆಕಾಶನೀಲಿ ಬಣ್ಣದ್ದು. ಮನೆಗೆ ಇಳಿಸಿದ ದಿನ ಅವಳು ಅದಕ್ಕೆ ಕುಂಕುಮ ಹಚ್ಚಿ, ಊದುಬತ್ತಿ ಬೆಳಗಿ, ಬಾಗಿಲು ತೆಗೆದು ಮೊದಲು ಇಟ್ಟದ್ದು ಅಂಬಲಿ ಮಜ್ಜಿಗೆಯ ಬಟ್ಟಲುಗಳನ್ನು. ಉಪ್ಪಿಲ್ಲ, ಕಣಕವಿಲ್ಲ, ಗಡಿಗೆ ತಿರುವುವುದಿಲ್ಲ. ಕಲ್ಲಂಗಡಿ ಕಾಲದಲ್ಲಿ ಬೀಜ ತೆಗೆದ ತಿರುಳನ್ನೂ ಹಿಸುಕಿ ಸೇರಿಸುತ್ತಿದ್ದಳು. ನಮ್ಮ ಗಲ್ಲಿಯ ನಾಲ್ಕು ಬೀದಿನಾಯಿಗಳು ಮಧ್ಯಾಹ್ನ ಊಟದ ಹೊತ್ತು ಕಳೆದ ಮೇಲೆ ಕಟ್ಟೆಯ ಕೆಳಗೆ ಸಾಲಾಗಿ ಬಂದು ಕೂರುತ್ತಿದ್ದವು. ಎದುರು ಮನೆಯ ಅಕ್ಕಿ ಗಿರಣಿ ಸಾಹುಕಾರರ ಹೆಂಡತಿ ಮೊದಲು ಮೂಗು ಮುರಿದರು.

"ಫ್ರಿಜ್ಜಿನ್ಯಾಗ ನಾಯಿ ಕೂಳು ಇಡ್ತೀರೇನ್ರಿ?"

"ನಾಯಿ ಕೂಳಲ್ರಿ ಅಕ್ಕಾರ, ನಾವು ಉಣ್ಣೋ ಅಂಬಲಿನೇ" ಎಂದು ಇವಳು ಒಂದು ಬಟ್ಟಲನ್ನು ಅವರ ಕೈಗೇ ಕೊಟ್ಟಳು. ಅವರು ಒಂದು ಚಮಚ ಬಾಯಿಗಿಟ್ಟು, ಒಂದಿಷ್ಟು ಜೀರಿಗೆ, ಉಪ್ಪು ತರಿಸಿಕೊಂಡು ಉದುರಿಸಿ, ಪೂರ್ತಿ ತಿಂದರು. ಬೇಸಿಗೆ ಮುಗಿಯುವುದರೊಳಗೆ ಅವರ ಮನೆಯ ಕಟ್ಟೆಯ ಮೇಲೂ ಒಂದು ಬಟ್ಟಲು ಕಾಣಿಸಿಕೊಂಡಿತು.

ಒಂದು ಮೇ ತಿಂಗಳ ಮಧ್ಯಾಹ್ನ ಕರೆಂಟು ಹೋಗಿ ಮೂರು ತಾಸಾದರೂ ಬರಲಿಲ್ಲ. ಫ್ರಿಜ್ಜಿನಿಂದ ನೀರು ಹೊಸ್ತಿಲಿಗೆ ಹರಿದು ಬಂತು. ಮಾಡಿಟ್ಟದ್ದೆಲ್ಲ ಮೆತ್ತಗಾಗುತ್ತಿದೆ ಎಂದು ಹೆಂಡತಿ ಕೂಗಿದಳು. ನಾನು ಬಟ್ಟಲುಗಳನ್ನೆಲ್ಲ ತಾಟಿನಲ್ಲಿ ಹೊರಗೆ ತಂದೆ. ಸಾಹುಕಾರರ ಹೆಂಡತಿಯೂ ತಮ್ಮ ಮನೆಯದನ್ನು ಎತ್ತಿಕೊಂಡು ದಾಟಿ ಬಂದರು. ಎರಡು ಬಟ್ಟಲು ನಮಗೆ, ಒಂದು ಅವರಿಗೆ, ಉಳಿದದ್ದು ನಾಯಿಗಳಿಗೆ. ಬೇಗ ಬೇಗ ತಿನ್ನಬೇಕಿತ್ತು. ಚಮಚ ಬಟ್ಟಲಿಗೆ ತಾಗುವ ಸದ್ದು, ನಾಲ್ಕು ನಾಲಿಗೆಗಳ ಲಪಲಪ ಸದ್ದು, ಅಷ್ಟೇ. ಕರೆಂಟು ಬಂದು ಒಳಗೆ ಫ್ರಿಜ್ಜು ಗುರ್ ಎಂದಾಗ ಹೆಂಡತಿ ಬೆರಳು ನೆಕ್ಕಿಕೊಂಡು, ನಾಳೆಗೆ ಮಜ್ಜಿಗೆ ಸಾಕಾಗುತ್ತದೋ ಇಲ್ಲವೋ ನೋಡಲು ಎದ್ದು ಹೋದಳು.